ಕಡಲು ಬಂದು ಹೋಗುವ ತೋಟ: ಟೋಕಿಯೊದ ಹಮಾರಿಕ್ಯೂವನ್ನು ನಾನು ನೋಡುವ ಕ್ರಮ

ಟೋಕಿಯೊಗೆ ಬರುವ ನಮ್ಮವರು ಜಪಾನೀ ಉದ್ಯಾನವೊಂದನ್ನು ನೋಡಬೇಕೆಂದಾಗ ನಾನು ಮೊದಲು ಹೇಳುವ ಹೆಸರು ಹಮಾರಿಕ್ಯೂ. ಅದರ ಜೊತೆಗೇ, ಅಂದಿನ ಉಬ್ಬರ ಇಳಿತದ ವೇಳೆಯನ್ನು ನೋಡಿಕೊಂಡು ಹೊರಡಿ ಎಂದೂ ಹೇಳುತ್ತೇನೆ. ಶಿಂಬಾಶಿಯ ಕಚೇರಿಗಳಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಸುಮಾರು 25 ಹೆಕ್ಟೇರ್ ವಿಸ್ತಾರದ ಈ ತೋಟದ ನಡುವೆ ಶಿಯೋಇರಿ ಎಂಬ ಕೊಳವಿದೆ. ಅದಕ್ಕೆ ತುಂಬುವುದು ಟೋಕಿಯೊ ಕೊಲ್ಲಿಯ ಉಪ್ಪುನೀರು. ಟೋಕಿಯೊಗೆ ಎಡೊ ಎಂಬ ಹೆಸರಿದ್ದ ಶೋಗನ್‌ಗಳ ಕಾಲದಲ್ಲಿ ಈ ದಡದಲ್ಲಿ ಇಂಥ ಕೊಳಗಳು ಬೇರೆಯೂ ಇದ್ದವು. ಪಕ್ಕದ ಶಿಬಾರಿಕ್ಯೂ ತೋಟದ ಕೊಳ ಕಾಲಕ್ರಮೇಣ ಸಿಹಿನೀರಿನದಾಯಿತು. ನಗರದ ಹಳೆಯ ತೋಟಗಳಲ್ಲಿ ಇಂದಿಗೂ ಕಡಲಿನ ಏರಿಳಿತಕ್ಕೆ ಬಾಗಿಲು ತೆರೆದಿರುವ ಕೊಳ ಇದೊಂದೇ.

ಹೆಚ್ಚಿನವರು ಇಲ್ಲಿಗೆ ಯಾವುದೋ ಒಂದು ಹೊತ್ತಿನಲ್ಲಿ ಬಂದು, ಅರ್ಧ ಗಂಟೆ ಸುತ್ತಿ, ಗಗನಚುಂಬಿಗಳ ಹಿನ್ನೆಲೆಯಲ್ಲಿ ಒಂದೆರಡು ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಹಾಗೆ ನೋಡಿದರೆ ತೋಟದ ಅರ್ಧವಷ್ಟೇ ಕಂಡಂತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ನಾನು ಮೊದಲು ಪಂಚಾಂಗ ನೋಡುತ್ತೇನೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಕೊಲ್ಲಿಯ ನೀರು ಸುಮಾರು 2 ಮೀಟರಿನಷ್ಟು ಏರಿಳಿಯುತ್ತದೆ. ಆ ದಿನಗಳಲ್ಲಿ ಟೋಕಿಯೊದ ಹಗಲಿನ ಇಳಿತ ಬರುವುದು ಮಧ್ಯಾಹ್ನದ ಆಜುಬಾಜಿನಲ್ಲಿ, ಅದರಲ್ಲೂ ವಸಂತದಿಂದ ಬೇಸಿಗೆಯವರೆಗೆ ಅದು ಚಳಿಗಾಲದ ಹಗಲಿಗಿಂತ ಹೆಚ್ಚು ಆಳಕ್ಕೆ ಇಳಿಯುತ್ತದೆ. ನಿಖರವಾದ ಗಳಿಗೆಯನ್ನು ಜಪಾನಿನ ಹವಾಮಾನ ಸಂಸ್ಥೆ ಪ್ರಕಟಿಸುವ ಪಟ್ಟಿಯಲ್ಲಿ ನೋಡಿಕೊಂಡು, ಇಳಿತಕ್ಕೆ ಸ್ವಲ್ಪ ಮೊದಲು ಒಳಹೊಕ್ಕು, ನೀರು ಮತ್ತೆ ಏರುವವರೆಗೂ ಇರುವಂತೆ ಹೊರಡುತ್ತೇನೆ. ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯಿಯಿಂದ ತೊಜಾಯಿ ಮೆಟ್ರೊ ಮಾರ್ಗದಲ್ಲಿ ಬಂದು, ಮೊನ್ಜೆನ್‌ನಕಾಚೋದಲ್ಲಿ ಓಎಡೊ ಮಾರ್ಗಕ್ಕೆ ಬದಲಾಯಿಸಿ ಶಿಯೋದೋಮೆಯಲ್ಲಿ ಇಳಿದರೆ ಸಾಕು.

ಓತೆಮೊನ್ ಬಾಗಿಲಲ್ಲಿ 300 ಯೆನ್ ಟಿಕೆಟ್ ಪಡೆದು ಒಳಬಂದೊಡನೆ ಸಿಗುವುದು ಮುನ್ನೂರು ವರ್ಷದ ಪೈನ್ ಮರ. ಆರನೆಯ ಶೋಗನ್ (ಆಗ ದೇಶವನ್ನು ಆಳುತ್ತಿದ್ದ ಸೇನಾಧಿಪತಿ) ಇಎನೊಬು 1709ರಲ್ಲಿ ಈ ತೋಟವನ್ನು ದೊಡ್ಡ ಪ್ರಮಾಣದಲ್ಲಿ ನವೀಕರಿಸಿದಾಗ ನೆಟ್ಟದ್ದೆಂದು ಹೇಳುವ ಈ ಮರ ಎತ್ತರಕ್ಕೆ ಹೋಗದೆ ಅಗಲಕ್ಕೆ ಹಬ್ಬಿದೆ. ಅದರ ಭಾರವಾದ ಕೊಂಬೆಗಳಿಗೆ ಕೆಳಗಿನಿಂದ ಮರದ ಊರೆಗೋಲು ಕೊಟ್ಟಿದ್ದಾರೆ. ಜಪಾನಿನ ಮಾಲಿಗಳು ಪೈನ್ ಮರದ ಹಳೆಯ ಸೂಜಿಯೆಲೆಗಳನ್ನು ಕತ್ತರಿಯಿಂದ ಒಟ್ಟಿಗೆ ಸವರದೆ, ಮೂರು ಕಾಲಿನ ಏಣಿಯ ಮೇಲೆ ನಿಂತು ಒಂದೊಂದು ರೆಂಬೆಯಿಂದ ಬೆರಳಿನಲ್ಲೇ ಬಿಡಿಸುತ್ತಾರೆ. ಆ ಕೆಲಸ ನಡೆಯುತ್ತಿರುವುದು ಕಂಡರೆ ನಾನು ಅಲ್ಲೇ ನಿಂತುಬಿಡುತ್ತೇನೆ. ಬಿಡಿಸಿದ ರೆಂಬೆಯ ನಡುವಿನಿಂದ ಬೆಳಕು ಒಳಗಿನ ತೊಗಟೆಯವರೆಗೆ ಇಳಿಯುವುದನ್ನು ನೋಡಿದ ಮೇಲೆ, ಇಡೀ ಮರ ಏಕೆ ಅಷ್ಟು ಹಗುರವಾಗಿ ಕಾಣುತ್ತದೆಂಬುದು ತಾನಾಗಿ ತಿಳಿಯುತ್ತದೆ.

ಅಲ್ಲಿಂದ ನೇರವಾಗಿ ನಡೆಯುವುದು ಕಡಲಿನ ಬದಿಯ ತೂಬಿನ ಕಡೆಗೆ. ಕೊಲ್ಲಿಯ ನೀರಿನ ಮಟ್ಟಕ್ಕೆ ತಕ್ಕಂತೆ ಈ ತೂಬನ್ನು ತೆರೆದು ಮುಚ್ಚಿ ಕೊಳದ ನೀರನ್ನು ಹದದಲ್ಲಿ ಇಡುತ್ತಾರೆ. ಕುಮಟಾ ಕಡೆಯವನಾದ ನನಗೆ ಇದರ ಮುಂದೆ ನಿಂತಾಗ ಅಘನಾಶಿನಿ ನದಿಯ ದಡದ ಗಜನಿ ಗದ್ದೆಗಳ, ಅಂದರೆ ಉಪ್ಪುನೀರು ನುಗ್ಗುವ ಭತ್ತದ ಗದ್ದೆಗಳ, ಒಡ್ಡು ನೆನಪಾಗುತ್ತದೆ; ಅಲ್ಲಿಯೂ ಬಾಗಿಲಿನ ಮೂಲಕವೇ ಉಪ್ಪುನೀರನ್ನು ಬಿಡುವುದು, ತಡೆಯುವುದು, ಅದರೊಡನೆ ಬಂದ ಮೀನನ್ನು ಹಿಡಿಯುವುದು. ಇಲ್ಲಿಯೂ ನೀರಿನೊಡನೆ ಮಡವೆ, ಈಲ್‌ನಂಥ ಮೀನುಗಳು ಒಳಬರುತ್ತವೆ, ಆದರೆ ಅವನ್ನು ಯಾರೂ ಹಿಡಿಯುವುದಿಲ್ಲ. ಇಳಿತದಲ್ಲಿ ದಡದ ಕಲ್ಲುಗಳ ಬುಡ ಬರಿದಾಗಿ, ಅಂಟಿಕೊಂಡ ಚಿಪ್ಪುಗಳ ಬೆಳ್ಳನೆಯ ಪಟ್ಟಿಯೊಂದು ಕಾಣಿಸುತ್ತದೆ. ನೀರು ಎಲ್ಲಿಯವರೆಗೆ ಬರುತ್ತದೆಂಬುದಕ್ಕೆ ಅದೇ ಗುರುತು.

ನೀರು ಏರುವ ಹೊತ್ತನ್ನು ನಾನು ಕೊಳದ ನಡುವಿನ ನಕಾಜಿಮಾ ಚಹಾಗೃಹದಲ್ಲಿ ಕಳೆಯುತ್ತೇನೆ. 1707ರಲ್ಲಿ ಮೊದಲು ಕಟ್ಟಿದ ಇದನ್ನು 1983ರಲ್ಲಿ ಮತ್ತೆ ಕಟ್ಟಿದರು. ಸೈಪ್ರೆಸ್ ಜಾತಿಯ ಮರದ ಉದ್ದನೆಯ ಸೇತುವೆ ದಾಟಿ ಹೋಗಬೇಕು. ಚಪ್ಪಲಿ ಕಳಚಿ ಚಾಪೆಯ ಮೇಲೆ ಕುಳಿತರೆ ಒಂದು ಸಿಹಿತಿಂಡಿ, ಒಂದು ಬಟ್ಟಲು ಮಚ್ಚಾ (ಹಸಿರು ಚಹಾ ಪುಡಿಯನ್ನು ಕಡೆದು ಮಾಡಿದ ಚಹಾ) ತಂದಿಡುತ್ತಾರೆ. ಸಿಹಿಯನ್ನು ಮೊದಲು ತಿಂದು ಮುಗಿಸಿ ಆಮೇಲೆ ಚಹಾ ಕುಡಿಯಬೇಕು. ಹಾಗೆ ಮಾಡಿದರೆ ಅದರ ಕಹಿ ಹಿತವಾಗುತ್ತದೆ. ಜಗುಲಿಯ ಮುಂದೆ ಶಿಯೋದೋಮೆಯ ಗಾಜಿನ ಕಟ್ಟಡಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತವೆ. ಇವು ತೋಟದ ಅಂದ ಕೆಡಿಸಿವೆ ಎಂದು ಹಲವರು ಹೇಳುವುದನ್ನು ನಾನು ಒಪ್ಪುವುದಿಲ್ಲ. ಕ್ಯೋಟೋದ ನಿಶ್ಶಬ್ದವನ್ನು ಇಲ್ಲಿ ಹುಡುಕಬಾರದು. ಇದು ಮೊದಲಿನಿಂದಲೂ ರಾಜಧಾನಿಯ ಮಗ್ಗುಲಲ್ಲೇ ಇದ್ದ ತೋಟ. ವಿಯೆಟ್ನಾಂನಿಂದ ತಂದ ಆನೆಯೊಂದನ್ನು 1729ರಲ್ಲಿ ಎಡೊಗೆ ನಡೆಸಿಕೊಂಡು ಬಂದಾಗ ಅದನ್ನು ಸಾಕಿದ್ದೂ ಇಲ್ಲಿಯೇ. 1879ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ತಂಗಿದ್ದೂ ಇದೇ ಆವರಣದಲ್ಲಿ.

ಸಮಯವಿದ್ದರೆ ಬಾತುಕೋಳಿ ಬೇಟೆಯ ತಾಣಗಳನ್ನು ಬಿಡಬಾರದು. 1778 ಮತ್ತು 1791ರಲ್ಲಿ ಮಾಡಿದ ಈ ಎರಡು ತಾಣಗಳಲ್ಲಿ, ಪಳಗಿಸಿದ ಬಾತುಗಳನ್ನು ಕಾಳಿನ ಆಸೆ ತೋರಿಸಿ ಕಿರಿದಾದ ಕಾಲುವೆಗಳಿಗೆ ಕರೆದರೆ ಕಾಡುಬಾತುಗಳು ಅವುಗಳ ಹಿಂದೆಯೇ ಬರುತ್ತಿದ್ದವು. ಬೇಟೆಗಾರರು ಮಣ್ಣಿನ ದಿಬ್ಬದ ಕಿಂಡಿಯಿಂದ ಅವನ್ನು ಗಮನಿಸುತ್ತಿದ್ದರು. ಸತ್ತ ಬಾತುಗಳ ಆತ್ಮಕ್ಕೆ ಶಾಂತಿ ಕೋರಿ 1935ರಲ್ಲಿ ನಿಲ್ಲಿಸಿದ ಸ್ಮಾರಕ ಹತ್ತಿರದಲ್ಲೇ ಇದೆ.

ತೋಟ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ, ಪ್ರವೇಶ 4.30ರವರೆಗೆ ಮಾತ್ರ, ವರ್ಷದ ಕೊನೆಯಲ್ಲಿ ಕೆಲವು ದಿನ ಮುಚ್ಚಿರುತ್ತದೆ. 65 ದಾಟಿದವರಿಗೆ ಟಿಕೆಟ್ 150 ಯೆನ್. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆತರುವವರು ಗುರುತಿನ ಚೀಟಿಯನ್ನೂ, ಸುಲಭವಾಗಿ ಕಳಚಬಹುದಾದ ಪಾದರಕ್ಷೆಯನ್ನೂ ಮರೆಯದಿರಲಿ. ಮಾರ್ಚ್‌ನಲ್ಲಿ ಬಂದರೆ, ಕಟ್ಟಡಗಳ ಬುಡದಲ್ಲಿ ಹಳದಿಯಾಗಿ ಅರಳಿದ ಸಾಸಿವೆ ಜಾತಿಯ ಹೂವಿನ ಬಯಲನ್ನೂ ನೋಡಿಕೊಂಡು ಹೋಗಬಹುದು.