ಪುಟ್ಟ ವಿಮಾನಕ್ಕೆ ಡೆಕಾಲ್: ಕೈಯಲ್ಲಿ ಏನೇನಿರಬೇಕು, ಅಂಟಿಸುವುದು ಹೇಗೆ?

1963ರಿಂದ ನಮ್ಮ ವಾಯುಪಡೆಯಲ್ಲಿದ್ದು, 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದ ಮಿಗ್-21 ಯುದ್ಧವಿಮಾನದ ಪುಟ್ಟ ಮಾದರಿ ಮಾಡುವ ಕಿಟ್ ತಂದಿದ್ದೀರಿ. ಬಿಡಿಭಾಗ ಕೂಡಿಸಿ, ಬಣ್ಣವನ್ನೂ ಹೊಡೆದಾಯಿತು. ಇನ್ನು ಉಳಿದಿದ್ದು ರೆಕ್ಕೆಯ ಮೇಲಿನ ಗುರುತು: ಹೊರಗೆ ಕೇಸರಿ ಬಳೆ, ಅದರೊಳಗೆ ಬಿಳಿ, ನಟ್ಟನಡುವೆ ಹಸಿರು. ಇಂಥ ಗುರುತುಗಳು ಕಿಟ್‌ನಲ್ಲಿ ಕಾಗದದ ಹಾಳೆಯ ಮೇಲೆ ತೆಳು ಪೊರೆಯಾಗಿ ಬರುತ್ತವೆ; ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಇವೇ ಡೆಕಾಲ್. 1/72 ಅಳತೆಯಲ್ಲಿ ಅಸಲಿ ವಿಮಾನದ ಒಂದು ಮೀಟರ್ ಅಂದರೆ 14 ಮಿಲಿಮೀಟರ್ ಕೂಡ ಇಲ್ಲ. ಗುರುತು ಒಂದು ಮಿಲಿಮೀಟರ್ ಜರುಗಿದರೂ ಎದ್ದು ಕಾಣುತ್ತದೆ.

ಸಲಕರಣೆಗೆ ಜಾಸ್ತಿ ಖರ್ಚಿಲ್ಲ. ಸಣ್ಣ ಕತ್ತರಿ, ಹೊಸ ಬ್ಲೇಡ್, ಅಗಲವಾದ ತಟ್ಟೆ, ಟಿಶ್ಯೂ, ಇಯರ್ ಬಡ್ಸ್, ಸೂಜಿ, ಮಕ್ಕಳ ಡ್ರಾಯಿಂಗ್ ಪೆಟ್ಟಿಗೆಯ ಒಂದೆರಡು ಮೆತ್ತನೆಯ ಬ್ರಷ್. ಇವೆಲ್ಲ ಮನೆಯಲ್ಲೇ ಸಿಗುತ್ತವೆ. ಚಿಮುಟವನ್ನು ಮಾತ್ರ ನೋಡಿ ಕೊಳ್ಳಿ. ಅಂಚೆಚೀಟಿ ಸಂಗ್ರಹಿಸುವವರು ಬಳಸುವಂಥ ಚಪ್ಪಟೆ ತುದಿಯದೇ ಇರಲಿ. ಚೂಪು ತುದಿಯದು ಡೆಕಾಲನ್ನು ಚುಚ್ಚಿ ಹರಿದುಬಿಡುತ್ತದೆ.

ಇದರ ಜೊತೆಗೆ ಎರಡು ಪುಟ್ಟ ಬಾಟಲಿ ಬೇಕು. ಅಮೆರಿಕದ ಮೈಕ್ರೋಸ್ಕೇಲ್ ಕಂಪನಿಯ ನೀಲಿ ಲೇಬಲ್ಲಿನ ಮೈಕ್ರೋ ಸೆಟ್ ಡೆಕಾಲ್ ಚೆನ್ನಾಗಿ ಕಚ್ಚಿಕೊಳ್ಳುವಂತೆ ಮಾಡುತ್ತದೆ. ಕೆಂಪು ಲೇಬಲ್ಲಿನ ಮೈಕ್ರೋ ಸಾಲ್ ಡೆಕಾಲನ್ನೇ ಮೆತ್ತಗೆ ಮಾಡುತ್ತದೆ. ಜಪಾನಿನ ಮಿಸ್ಟರ್ ಮಾರ್ಕ್ ಸೆಟ್ಟರ್, ಮಿಸ್ಟರ್ ಮಾರ್ಕ್ ಸಾಫ್ಟರ್ ಕೂಡ ಇದೇ ಕೆಲಸಕ್ಕೆ. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಮೆತ್ತಗೆ ಮಾಡುವುದನ್ನೇ ತನ್ನಿ. ಸೆಟ್ ಬದಲು ಬರೀ ನೀರಿನಲ್ಲೂ ಹೇಗೋ ನಡೆಯುತ್ತದೆ.

ಡೆಕಾಲ್ ಕೆಡುವುದು ಬಹುಪಾಲು ಅಂಟಿಸುವ ಮೊದಲೇ. ಮ್ಯಾಟ್ (ಹೊಳಪಿಲ್ಲದ) ಬಣ್ಣ ಕಣ್ಣಿಗೆ ನಯವಾಗಿ ಕಂಡರೂ ತರಿತರಿಯಾಗಿರುತ್ತದೆ. ಆ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಡೆಕಾಲಿನ ಪಾರದರ್ಶಕ ಪೊರೆ ಬೆಳ್ಳಗೆ ಮಿಂಚುತ್ತದೆ. ಇದನ್ನೇ ಸಿಲ್ವರಿಂಗ್ ಅನ್ನುವುದು. ಗುರುತು ಅಂಟಿಸಿದ್ದು ಅಂತ ದೂರದಿಂದಲೇ ಗೊತ್ತಾಗುತ್ತದೆ. ಆದ್ದರಿಂದ ಮೊದಲು ಹೊಳಪಿನ ಕ್ಲಿಯರ್ ಕೋಟ್ (ಬಣ್ಣವಿಲ್ಲದ ವಾರ್ನಿಷ್) ಹೊಡೆಯಿರಿ. ಅದು ಪೂರ್ತಿ ಒಣಗಲಿ. ಅವಸರ ಬೇಡ.

ಈಗ ಫ್ಯಾನ್ ಆರಿಸಿ. ಒದ್ದೆ ಡೆಕಾಲ್ ಮಡಚಿಕೊಂಡರೆ ಬಿಡಿಸುವುದು ದೊಡ್ಡ ಫಜೀತಿ. ತಟ್ಟೆಗೆ ಉಗುರುಬೆಚ್ಚಗಿನ ಫಿಲ್ಟರ್ ನೀರು ಹಾಕಿ. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಗೊತ್ತಲ್ವಾ?

ಬೇಕಾದ ಗುರುತನ್ನಷ್ಟೇ ಅಂಚಿಗೆ ಹತ್ತಿರವಾಗಿ ಕತ್ತರಿಸಿ. ಚಿಮುಟದಲ್ಲಿ ಹಿಡಿದು ಹತ್ತು ಹದಿನೈದು ಸೆಕೆಂಡ್ ಮುಳುಗಿಸಿ, ತೆಗೆದು ಟಿಶ್ಯೂ ಮೇಲಿಡಿ. ನೀರಿನಲ್ಲೇ ಬಿಟ್ಟರೆ ಅಂಟು ತೊಳೆದುಹೋಗುತ್ತದೆ. ಒಂದು ನಿಮಿಷದ ನಂತರ ಬ್ರಷ್ ತುದಿಯಿಂದ ಮೆಲ್ಲಗೆ ತಳ್ಳಿ ನೋಡಿ. ಕಾಗದದ ಮೇಲೆ ಜಾರಿದರೆ ಸಿದ್ಧ. ಜಾರದಿದ್ದರೆ ಎಳೆಯಬೇಡಿ, ಒಂದು ಹನಿ ನೀರು ಬಿಟ್ಟು ಕಾಯಿರಿ.

ರೆಕ್ಕೆಯ ಮೇಲೆ ಮೈಕ್ರೋ ಸೆಟ್ ಸವರಿ, ಕಾಗದವನ್ನು ಪಕ್ಕದಲ್ಲಿಟ್ಟು, ಡೆಕಾಲನ್ನು ಬ್ರಷ್‌ನಿಂದಲೇ ಜಾರಿಸಿ. ಎತ್ತಿ ಇಡಲು ಹೋಗಬೇಡಿ. ಜಾಗ ಸರಿಯಾದ ಮೇಲೆ ಒದ್ದೆ ಇಯರ್ ಬಡ್ಡನ್ನು ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ, ನೀರು ಹೊರಗೆ ಬರಲಿ. ಉಜ್ಜಿದರೆ ಡೆಕಾಲೂ ಜೊತೆಗೇ ಹೊರಡುತ್ತದೆ.

ಆಮೇಲೆ ಮೈಕ್ರೋ ಸಾಲ್, ತೆಳುವಾಗಿ. ಸ್ವಲ್ಪ ಹೊತ್ತಿಗೆ ಡೆಕಾಲ್ ಹಪ್ಪಳದಂತೆ ಸುಕ್ಕುಗಟ್ಟುತ್ತದೆ. ಹೊಸಬರು ಗಾಬರಿಯಾಗುವುದು ಇಲ್ಲೇ. ಸುಮ್ನೆ ಬಿಟ್ಟುಬಿಡಿ. ಒಣಗುತ್ತಾ ತಾನೇ ಚಪ್ಪಟೆಯಾಗಿ ಪ್ಯಾನೆಲ್ ಗೆರೆಗಳೊಳಗೆ (ವಿಮಾನದ ಹೊದಿಕೆಯ ಜೋಡಣೆ ತೋರಿಸಲು ಕೊರೆದ ಸಣ್ಣ ಗೆರೆಗಳು) ಇಳಿಯುತ್ತದೆ. ಮುಟ್ಟಿದರೆ ಹರಿಯುತ್ತದೆ. ಆದರೆ ಎಲ್ಲ ಕಂಪನಿಗಳ ಡೆಕಾಲೂ ಒಂದೇ ಥರ ಅಲ್ಲ. ಹಾಳೆಯಲ್ಲಿ ಬೇಡದ ಗುರುತೊಂದು ಇದ್ದೇ ಇರುತ್ತದೆ, ಮೊದಲು ಅದರ ಮೇಲೆ ಪರೀಕ್ಷಿಸಿ.

ಒಣಗಿದ ಮೇಲೂ ಗುಳ್ಳೆ ಕಂಡರೆ ಸೂಜಿಯಿಂದ ಚುಚ್ಚಿ. ಗೆರೆಯ ಮೇಲೆ ಬಿಗಿದು ನಿಂತಿದ್ದರೆ ಬ್ಲೇಡಿನಿಂದ ಗೆರೆಗುಂಟ ಸೀಳಿ. ಎರಡಕ್ಕೂ ಇನ್ನೊಂದು ಸಲ ಸಾಲ್ ಹಚ್ಚಿ. ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಒದ್ದೆ ಬಟ್ಟೆಯಿಂದ ಅಂಟಿನ ಕಲೆ ಒರೆಸಿ, ಕೊನೆಗೆ ಮ್ಯಾಟ್ ಕ್ಲಿಯರ್ ಕೋಟ್ ಹೊಡೆಯಿರಿ.

ಹಳೇ ಕಿಟ್‌ನ ಹಾಳೆ ಹಳದಿಯಾಗಿದೆಯಾ? ಜಿಪ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ. ಹಳದಿ ಎಷ್ಟೋ ಕಮ್ಮಿಯಾಗುತ್ತದೆ. ಹಳೇ ಡೆಕಾಲ್ ನೀರಿಗೆ ಬಿದ್ದೊಡನೆ ಚೂರಾಗುವುದೂ ಉಂಟು. ಹಾಗಾಗಿ ಇಡೀ ಹಾಳೆಗೆ ಮೊದಲೇ ಒಂದು ಪದರ ಕ್ಲಿಯರ್ ಕೋಟ್ ಹೊಡೆದಿಡಿ. ಆ ಪದರಕ್ಕೆ ಅಂಚೆಲ್ಲಿ ಅಂತ ಗೊತ್ತಿರುವುದಿಲ್ಲ, ಆಗ ಪ್ರತಿ ಗುರುತನ್ನೂ ಅಂಚಿಗೆ ಸರಿಯಾಗಿ ಕತ್ತರಿಸುವ ಕೆಲಸ ನಿಮ್ಮದೇ.