ಮನೆತನದ ಇತಿಹಾಸ ಹುಡುಕಿಸಬೇಕಾ? ಯಾರನ್ನು ಹಿಡಿಯಬೇಕು, ಏನು ಕೇಳಬೇಕು

ಅಜ್ಜನ ಅಪ್ಪನ ಹೆಸರು ಕೇಳಿ, ಮನೆಯಲ್ಲಿ ಯಾರಾದರೂ ಹೇಳುತ್ತಾರೆ. ಅದಕ್ಕಿಂತ ಒಂದು ತಲೆಮಾರು ಹಿಂದೆ ಹೋದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಬಹಳಷ್ಟು ಮನೆಗಳಲ್ಲಿ ಇದೇ ಪರಿಸ್ಥಿತಿ. ಊರು ಬಿಟ್ಟು ಬೆಂಗಳೂರು, ಪುಣೆ ಸೇರಿದವರಿಗೆ ಮೂಲ ಯಾವುದು ಅಂತ ತಿಳಿಯುವ ಆಸೆ ಇದೆ, ತಾವೇ ಓಡಾಡಲು ಪುರುಸೊತ್ತಿಲ್ಲ. ಹಾಗಾಗಿ ದುಡ್ಡು ಕೊಟ್ಟು ಹುಡುಕಿಸುವವರು ಈಗ ಇದ್ದಾರೆ. ಒಳ್ಳೆಯದೇ. ಆದರೆ ದುಡ್ಡು ಕೊಡುವವರು ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಇವರು ಇವರ ಮಗ ಅನ್ನುವ ಒಂದೊಂದು ಕೊಂಡಿಗೂ ಪುರಾವೆ ಕೇಳಬೇಕು. ಚೌಕಟ್ಟು ಹಾಕಿಸಿದ ವಂಶವೃಕ್ಷದ ಚಿತ್ರ ಯಾರು ಬೇಕಾದರೂ ಬರೆದುಕೊಡುತ್ತಾರೆ.

ಮೊದಲು ನಿಮಗೆ ಏನು ಬೇಕು ಅಂತ ಬರೆದಿಡಿ

ಆಸ್ತಿ ವರ್ಗಾವಣೆಗೆ ವಂಶವೃಕ್ಷ ಬೇಕಿದ್ದರೆ ನಾಡಕಚೇರಿಗೆ ಅರ್ಜಿ ಹಾಕಿದರೆ ಆಯಿತು, ಅದಕ್ಕೆ ಸಂಶೋಧಕರು ಬೇಕಿಲ್ಲ. ಆಸ್ತಿಯ ವ್ಯಾಜ್ಯ ಇದ್ದರೆ ವಕೀಲರ ಹತ್ತಿರ ಹೋಗಿ. ಮನೆತನದ ಇತಿಹಾಸ ಬೇಕು ಅನ್ನುವವರು ಮಾತ್ರ ಮುಂದೆ ಓದಿ. "ನಮ್ಮ ವಂಶದ ಬಗ್ಗೆ ಎಲ್ಲಾ ಬೇಕು" ಅಂತ ಹೇಳಿದರೆ ಹುಡುಕುವವರಿಗೂ ದಾರಿ ಸಿಗುವುದಿಲ್ಲ, ಖರ್ಚಿಗೂ ಮಿತಿ ಇರುವುದಿಲ್ಲ. ಮುತ್ತಜ್ಜ ಹುಬ್ಬಳ್ಳಿಗೆ ಯಾವ ಊರಿಂದ ಬಂದರು? ಅವರ ಅಣ್ಣತಮ್ಮಂದಿರು ಎಷ್ಟು ಜನ, ಎಲ್ಲಿ ಹೋದರು? ಹೀಗೆ ಒಂದೆರಡು ಪ್ರಶ್ನೆ ಸಾಕು.

ಮನೆಯಲ್ಲಿ ಇರುವುದನ್ನು ಮೊದಲು ನೀವೇ ಕೂಡಿಸಿ

ನಿಮ್ಮ ಅತ್ತೆಯೋ ದೊಡ್ಡಮ್ಮನೋ ಅರ್ಧ ಗಂಟೆಯಲ್ಲಿ ಹೇಳುವುದನ್ನು ಹೊರಗಿನವರಿಂದ ಹುಡುಕಿಸಲು ದುಡ್ಡು ಕೊಡುವುದು ದಂಡ. ಟ್ರಂಕಿನಲ್ಲಿರುವ ಖರೇದಿ ಪತ್ರ, ವಾಟಣಿ ಪತ್ರ (ಆಸ್ತಿ ಪಾಲು ಮಾಡಿಕೊಂಡ ಕಾಗದ), ಹಳೆಯ ಕೈಬರಹದ ಉತಾರ (ಜಮೀನಿನ ಹಕ್ಕಿನ ಪತ್ರ), ಶಾಲೆ ಬಿಟ್ಟ ದಾಖಲೆ, ಲಗ್ನಪತ್ರಿಕೆ, ಎಲ್ಲದರ ಫೋಟೊ ತೆಗೆದಿಡಿ. ಮನೆದೇವರು ಯಾವುದು ಅಂತ ತಪ್ಪದೆ ಬರೆದುಕೊಳ್ಳಿ. ಸವದತ್ತಿ ಯಲ್ಲಮ್ಮನಾ, ಉಳವಿ ಚನ್ನಬಸವಣ್ಣನಾ, ದೇವರಗುಡ್ಡದ ಮಾಲತೇಶನಾ? ಊರಲ್ಲಿ ಸಣ್ಣದೊಂದು ಗುಡಿಯ ದೇವರೇ ಮನೆದೇವರಾಗಿದ್ದರೆ ಇನ್ನೂ ಒಳ್ಳೆಯದು, ಮೂಲ ಊರು ಅದರ ಆಸುಪಾಸಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಅಡ್ಡಹೆಸರೂ ಹಾಗೆಯೇ. ಹುಬ್ಬಳ್ಳಿಯಲ್ಲಿದ್ದು ಅಡ್ಡಹೆಸರು ಮುಳಗುಂದ ಅಂತ ಇದ್ದರೆ ಸುಳಿವು ಕಣ್ಣೆದುರೇ ಇದೆ. ಅಕ್ಕಿ, ಮೆಣಸಿನಕಾಯಿ, ಅಂಗಡಿ ಅಂತ ಇದ್ದರೆ ಊರು ಸಿಗಲಿಕ್ಕಿಲ್ಲ, ಆದರೆ ವ್ಯಾಪಾರದ ಸುಳಿವು ಸಿಗಬಹುದು.

ಹೆಸರುಗಳ ವಿಷಯದಲ್ಲಿ ಮಾತ್ರ ಬಹಳ ಹುಷಾರು. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ರೂಢಿ. ಬಸಪ್ಪನ ಮಗ ನಿಂಗಪ್ಪ, ನಿಂಗಪ್ಪನ ಮಗ ಬಸಪ್ಪ, ಆ ಬಸಪ್ಪನ ಮಗ ಮತ್ತೆ ನಿಂಗಪ್ಪ. ಕಾಗದದಲ್ಲಿ "ನಿಂಗಪ್ಪ ಬಿನ್ ಬಸಪ್ಪ" ಅಂತ ಕಂಡರೆ ಅದು ಅಜ್ಜನೋ ಮೊಮ್ಮಗನೋ? ಇಬ್ಬರ ನಡುವೆ ಐವತ್ತು ವರ್ಷ ಇರುತ್ತದೆ, ಹೆಸರು ಮಾತ್ರ ಒಂದೇ. ಸಾಲದ್ದಕ್ಕೆ ಊರಿನ ದೇವರ ಹೆಸರನ್ನೇ ಹತ್ತು ಮನೆಯವರು ಇಟ್ಟಿರುತ್ತಾರೆ. ಇದನ್ನು ಬಿಡಿಸಲು ಹೆಂಡತಿಯ ಹೆಸರು ಬೇಕು, ಸರ್ವೆ ನಂಬರ್ ಬೇಕು, ತಾರೀಖು ಬೇಕು. ಈ ಗೊಂದಲ ಹೇಗೆ ಬಿಡಿಸುತ್ತೀರಿ ಅಂತ ಸಂಶೋಧಕರನ್ನು ಕೇಳಿ. ಆ ಉತ್ತರದಲ್ಲೇ ಅವರ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ.

ಊರು ಹಿಂದೆ ಯಾರ ಕೈಯಲ್ಲಿತ್ತು ಅಂತ ನೋಡಿ

ಗದಗ, ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಜಿಲ್ಲಾ ಮಟ್ಟದ ಕಾಗದಕ್ಕೆ ಧಾರವಾಡವನ್ನೂ ನೋಡಬೇಕು. ಅದಕ್ಕೂ ಹಿಂದೆ, ಅಂದರೆ 1956ರ ಮೊದಲು, ಇದೆಲ್ಲ ಮುಂಬೈ ಪ್ರಾಂತ. ಆದರೆ ಎಲ್ಲ ಊರೂ ಬ್ರಿಟಿಷರ ನೇರ ಆಡಳಿತದಲ್ಲಿ ಇರಲಿಲ್ಲ. ಸವಣೂರಿಗೆ ನವಾಬರಿದ್ದರು, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು, ಕುಂದಗೋಳ ಜಮಖಂಡಿಯದು. ನಿಮ್ಮ ಊರು ಇಂಥ ಕಡೆ ಬಂದರೆ ಹುಡುಕಾಟ ಧಾರವಾಡದಲ್ಲೇ ಮುಗಿಯುತ್ತದೆ ಅಂದುಕೊಳ್ಳಬೇಡಿ, ಕೊಲ್ಹಾಪುರ, ಪುಣೆಯ ಪತ್ರಾಗಾರದ ತನಕ ಹೋಗಬೇಕಾಗಬಹುದು, ಖರ್ಚೂ ಅದಕ್ಕೆ ತಕ್ಕಂತೆ. ಇದನ್ನು ತಾನಾಗಿ ಎತ್ತಿ ಹೇಳುವ ಸಂಶೋಧಕರು ಸಿಕ್ಕರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

ಹೆಳವರನ್ನು ಬಿಟ್ಟು ಶುರು ಮಾಡಬೇಡಿ

ವಂಶಾವಳಿ ಇಡುವುದನ್ನೇ ಕಸುಬು ಮಾಡಿಕೊಂಡವರು ನಮ್ಮಲ್ಲಿ ಎಷ್ಟೋ ತಲೆಮಾರಿನಿಂದ ಇದ್ದಾರೆ. ಅವರೇ ಹೆಳವರು. ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು, ಮನೆ ಮುಂದೆ ನಿಂತು, ನಿಮ್ಮ ಮನೆತನ ಎಲ್ಲಿಂದ ಬಂತು, ಅಣ್ಣತಮ್ಮಂದಿರು ಹೇಗೆ ಬೇರೆಯಾದರು, ಯಾರು ಯಾವ ಊರು ಹಿಡಿದರು ಅಂತ ಹೇಳಿಕೊಂಡು ಹೋಗುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಮೊದಲು ಎತ್ತಿನ ಮೇಲೆ, ಚಕ್ಕಡಿಯಲ್ಲಿ ಬರುತ್ತಿದ್ದರು, ಈಗ ಬೈಕಿನಲ್ಲೂ ಬರುತ್ತಾರೆ. ಕಾಳುಕಡಿ, ರೊಕ್ಕ, ಕೆಲವು ಮನೆಗಳಲ್ಲಿ ದನಕರು ಕೊಟ್ಟು ಕಳಿಸುವ ಪದ್ಧತಿ ಇತ್ತು. ಅವರನ್ನು ಬೇಡಲು ಬಂದವರು ಅಂತ ಬಾಗಿಲಲ್ಲೇ ಸಾಗಹಾಕುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸರಕಾರದ ಯಾವ ದಫ್ತರದಲ್ಲೂ ಇಲ್ಲದ ಮಾಹಿತಿ ಅವರ ಹೊತ್ತಿಗೆಯಲ್ಲಿ ಇರಬಹುದು.

ಒಂದೊಂದು ಹೆಳವರ ಮನೆತನಕ್ಕೂ ಇಂಥ ಊರು, ಇಂಥ ಮನೆಗಳು ಅಂತ ವಂಶಪಾರಂಪರ್ಯವಾಗಿ ಹಂಚಿಕೆ ಇರುತ್ತದೆ. ಹಾಗಾಗಿ ಯಾರೋ ಒಬ್ಬ ಹೆಳವರನ್ನು ಹಿಡಿದರೆ ಪ್ರಯೋಜನವಿಲ್ಲ, ನಿಮ್ಮ ಮನೆಯ ಹೆಳವರೇ ಬೇಕು. ಮೂಲ ಊರಿಗೆ ಹೋಗಿ ಹಿರಿಯರನ್ನು, ಅಣ್ಣತಮ್ಮಕಿಯ ಮನೆಗಳವರನ್ನು ವಿಚಾರಿಸಿ, ಯಾರ ಹತ್ತಿರವಾದರೂ ಫೋನ್ ನಂಬರ್ ಇರುತ್ತದೆ. ಕರೆಸುವಾಗ ಆದಷ್ಟು ಅಣ್ಣತಮ್ಮಂದಿರ ಮನೆಯವರೆಲ್ಲ ಒಂದು ಕಡೆ ಸೇರಿ. ಅವರು ಒಂದು ಹೆಸರು ಹೇಳಿದಾಗ "ಹೌದು, ಅವರ ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದ್ದರು" ಅಂತ ಯಾರೋ ನೆನಪು ಮಾಡಿಕೊಳ್ಳುತ್ತಾರೆ, ಅದೂ ಬರೆದಿಡುವಂಥ ಮಾಹಿತಿಯೇ. ರೆಕಾರ್ಡ್ ಮಾಡುವ ಮೊದಲು, ಹೊತ್ತಿಗೆಯ ಫೋಟೊ ತೆಗೆಯುವ ಮೊದಲು ಕೇಳಿ. ಆ ಹೊತ್ತಿಗೆ ಅವರ ಅನ್ನ. ಕೊಡುವುದನ್ನು ಮೊದಲೇ ಮಾತಾಡಿ, ಕೈತುಂಬ ಕೊಡಿ.

ಹಾಗಂತ ಅವರು ಹೇಳಿದ್ದೆಲ್ಲ ತಾರೀಖು ಸಮೇತ ಪಕ್ಕಾ ಅಂತ ಅಲ್ಲ. ಹೆಣ್ಣುಮಕ್ಕಳ ಹೆಸರು ಎಷ್ಟರ ಮಟ್ಟಿಗೆ ಬರೆದಿದ್ದಾರೆ ಅಂತ ಕೇಳಿ ನೋಡಿ. ದತ್ತಕ ಹೋದವರು, ಮಕ್ಕಳಿಲ್ಲದೆ ತೀರಿಕೊಂಡವರು ಬಿಟ್ಟುಹೋಗಿರಬಹುದು. ಅದಕ್ಕೇ ಮುಂದಿನ ಕೆಲಸ.

ಕಾಗದ ಓದುವವರು ಬೇರೆ

ಇಲ್ಲಿ ನಿಮಗೆ ಬೇಕಾಗುವುದು ದಾಖಲೆ ಗೊತ್ತಿರುವವರು. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೇ ಸಂಘಗಳಿವೆ, ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಮಂಡಳಿಗಳಿವೆ. ನಮ್ಮ ಕಡೆ ಲೈಸೆನ್ಸ್ ಅಂತ ಏನಿಲ್ಲ, ಆಯ್ಕೆಯ ಭಾರ ನಿಮ್ಮದೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಸಂಶೋಧನೆ ಮಾಡಿದವರು, ರಿಟೈರ್ ಆದ ತಲಾಠಿಗಳು (ಊರಿನ ಕಂದಾಯದ ಲೆಕ್ಕ ಇಡುವವರು), ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಬಲ್ಲವರು, ಆಸ್ತಿ ಪತ್ರ ಬರೆದುಕೊಡುವ ಹಳೆಯ ಬಾಂಡ್ ರೈಟರ್‌ಗಳು, ಹೀಗೆ ಹುಡುಕಬೇಕು. ಎಲ್ಲ ಬಲ್ಲ ಒಬ್ಬರು ಸಿಗುವುದು ಅಪರೂಪ. ಒಬ್ಬರನ್ನು ಮುಖ್ಯವಾಗಿ ಇಟ್ಟುಕೊಂಡು, ಮೋಡಿ ಓದಿಸುವುದಕ್ಕೆ ಇನ್ನೊಬ್ಬರಿಗೆ ಬೇರೆ ಕೊಡುವುದು ಒಳ್ಳೆಯದು.

ಪರೀಕ್ಷೆ ಮಾಡಿಯೇ ಕೆಲಸ ಕೊಡಿ. ನಿಮ್ಮ ಹತ್ತಿರದ ಒಂದು ಹಳೆಯ ಕಾಗದ ಮುಂದಿಟ್ಟು ಓದಿಸಿ. ನಮ್ಮ ಕಡೆಯ ಉತಾರದಲ್ಲಿ, ವಾರಸಾ ಡೈರಿಯಲ್ಲಿ (ತೀರಿಕೊಂಡವರ ಹೊಲಕ್ಕೆ ವಾರಸುದಾರರ ಹೆಸರು ಏರಿಸಿದ ದಾಖಲೆ) ಬರುವ ಭಾಷೆಯೇ ಬೇರೆ. "ಮಯತ" ಅಂದರೆ ತೀರಿಕೊಂಡವರು. "ಬಸವ್ವ ಕೋಂ ಶಿವಪ್ಪ" ಅಂದರೆ ಶಿವಪ್ಪನ ಹೆಂಡತಿ. "ಅ.ಪಾ.ಕ. ತಾಯಿ" ಅಂತ ಇದ್ದರೆ ಮಗ ಇನ್ನೂ ಸಣ್ಣವನು, ಅವನ ಪರವಾಗಿ ತಾಯಿ ನಿಂತಿದ್ದಾಳೆ ಅಂತ. ಈ ಒಂದು ಸಾಲಿನಿಂದ ಎಷ್ಟು ತಿಳಿಯುತ್ತದೆ ನೋಡಿ: ಮಗ ಸಣ್ಣವನಿದ್ದಾಗಲೇ ಅಪ್ಪ ಹೋಗಿದ್ದಾರೆ, ಮಗನಿಗೆ ಆಗ ಹದಿನೆಂಟು ತುಂಬಿರಲಿಲ್ಲ, ತಾಯಿಯ ಹೆಸರು ಇದು, ಹುಟ್ಟಿದ ವರ್ಷವನ್ನೂ ಅಂದಾಜು ಮಾಡಬಹುದು.

ತಾರೀಖಿನ ಲೆಕ್ಕವೂ ಕೇಳಿ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ, ನಮ್ಮ ಭಾಗದ ಫಸಲಿಗೆ (ಕಂದಾಯದ ಲೆಕ್ಕದ ವರ್ಷ) 590. ಶಕ 1790 ಅಂದರೆ 1868. ಬರೀ "ವಿಭವ ಸಂವತ್ಸರ" ಅಂತ ಬರೆದಿದ್ದರೆ 1868 ಇರಬಹುದು, 1928 ಇರಬಹುದು, ಯಾಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಅಜ್ಜ-ಮೊಮ್ಮಗನ ಹೆಸರು ಒಂದೇ ಇರುವ ನಮ್ಮ ಮನೆಗಳಲ್ಲಿ ಇದು ತಪ್ಪಿದರೆ ಎರಡು ತಲೆಮಾರು ಕಲಸಿಹೋಗುತ್ತದೆ.

ಎಲ್ಲೆಲ್ಲಿ ಹುಡುಕುತ್ತೀರಿ ಅಂತ ಕೇಳಿದಾಗ ಈ ಹೆಸರುಗಳು ಬರಬೇಕು: ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮ್, ಉಪನೋಂದಣಿ ಕಚೇರಿಯ ಹಳೆಯ ಇಂಡೆಕ್ಸ್, ಪಟ್ಟಣದ ಮನೆಯಾದರೆ ಸಿಟಿ ಸರ್ವೆಯ (ಸಿಟಿಎಸ್) ಉತಾರ, ಊರಿನ ಹಳೆಯ ಶಾಲೆಯ ದಾಖಲಾತಿ ಪುಸ್ತಕ, ಧಾರವಾಡದ ಪತ್ರಾಗಾರ. ಗೌಡಕಿ, ಕುಲಕರ್ಣಿಕಿ, ದೇಸಗತಿಯಂಥ ವತನ (ವಂಶಪಾರಂಪರ್ಯದ ಅಧಿಕಾರ) ಇದ್ದ ಮನೆಯಾದರೆ ಇನಾಮಿನ ಕಾಗದ. ಕ್ರೈಸ್ತ ಮನೆತನವಾದರೆ ಚರ್ಚಿನ ರಜಿಸ್ಟರ್. ಬಾಸೆಲ್ ಮಿಶನ್ ಧಾರವಾಡಕ್ಕೆ ಬಂದಿದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಪಂಢರಪುರ, ನಾಸಿಕದಂಥ ಕ್ಷೇತ್ರಗಳಲ್ಲಿ ಪುರೋಹಿತರು ಯಾತ್ರಿಕರ ಹೆಸರು ಬರೆದಿಡುವ ಪದ್ಧತಿ ಇದೆ, ನಿಮ್ಮ ಹಿರಿಯರು ಹೋಗುತ್ತಿದ್ದರೆ ಅಲ್ಲೂ ನೋಡಿಸಿ. ಜಮೀನಿನ ಹಕ್ಕು ದಾಖಲೆ ಮುಂಬೈ ಪ್ರಾಂತದಲ್ಲಿ ಶುರುವಾಗಿದ್ದು 1903ರ ಕಾಯ್ದೆಯಿಂದ, ಅದಕ್ಕಿಂತ ಹಿಂದೆ ಹೋದಷ್ಟೂ ಸಾಮಾನ್ಯ ರೈತರ ಹೆಸರು ಸಿಗುವುದು ಕಷ್ಟ. ಭೂ ಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತ ಸ್ಕ್ಯಾನ್ ಆಗುತ್ತಿವೆ. ನಿಮ್ಮ ಊರಿನದು ಆಗಿದೆಯಾ ಅಂತ ಮೊದಲು ನೋಡಿಕೊಂಡರೆ ಓಡಾಟದ ಖರ್ಚು ಉಳಿಯುತ್ತದೆ.

ಯಾರಾದರೂ ಮೊದಲ ಭೇಟಿಯಲ್ಲೇ ನಿಮ್ಮದು ಕಿತ್ತೂರು ಸಂಸ್ಥಾನಕ್ಕೆ ಸೇರಿದ ಮನೆತನ, ಚಾಲುಕ್ಯರ ತನಕ ತೋರಿಸುತ್ತೇನೆ ಅಂದರೆ ಚಹಾ ಕುಡಿಸಿ ಕಳಿಸಿಬಿಡಿ.

ಮಾತುಕತೆ ಕಾಗದದ ಮೇಲೆ ಇರಲಿ

ಪರಿಚಯದವರು ಅಂತ ಬಾಯಿಮಾತಿನಲ್ಲಿ ಬಿಡಬೇಡಿ. ದಿನಕ್ಕೆ ಇಷ್ಟು ಅಂತಲೋ, ಇಡೀ ಕೆಲಸಕ್ಕೆ ಇಷ್ಟು ಅಂತಲೋ ಮೊದಲೇ ಆಗಲಿ. ಓಡಾಟ, ನಕಲು ಪ್ರತಿಯ ಫೀ, ಮೋಡಿ ಓದಿಸುವ ಖರ್ಚು ಬೇರೆಯಾ ಒಳಗೇನಾ? ಕೆಲಸವನ್ನು ಹಂತ ಮಾಡಿ. ಮೊದಲ ಹಂತ ಮನೆಯ ಕಾಗದ ಮತ್ತು ತಾಲೂಕು ಕಚೇರಿ ಅಷ್ಟೇ ಇರಲಿ, ಅದರ ವರದಿ ನೋಡಿ ಮುಂದಿನದಕ್ಕೆ ಹೂಂ ಅನ್ನಿ. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಹುಡುಕಿದರೂ ಸಿಗದೆ ಹೋಗಬಹುದು. 1876-78ರ ಬರದಲ್ಲಿ, 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಡಿದಾಗ ಜನ ಊರು ಬಿಟ್ಟು ಚದುರಿದರು. ಅಂಥ ಕಡೆ ಕೊಂಡಿ ಕಡಿದುಹೋಗಿರುತ್ತದೆ. ಸಿಗದಿದ್ದರೂ ಅವರು ದುಡಿದಿದ್ದಾರೆ, ದುಡ್ಡು ಕೊಡಬೇಕು. ಆದರೆ ಯಾವ ಕಚೇರಿಯಲ್ಲಿ, ಯಾವ ಪುಸ್ತಕ, ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಿದರು ಅಂತ ಬರೆದುಕೊಡಬೇಕು. ಇಲ್ಲದಿದ್ದರೆ ಮುಂದೆ ಹುಡುಕುವವರು ಮತ್ತೆ ಅದೇ ಪುಸ್ತಕ ತೆಗೆದು ಕೂರುತ್ತಾರೆ.

ವರದಿ ಕೈಗೆ ಬಂದಾಗ

ಒಂದೊಂದು ಹೆಸರಿನ ಪಕ್ಕ ಮೂಲ ಬರೆದಿದೆಯಾ ನೋಡಿ: ಡೈರಿ ನಂಬರ್, ವರ್ಷ, ಕಚೇರಿ. ಹೆಳವರು ಹೇಳಿದ್ದು, ಮನೆಯವರು ಹೇಳಿದ್ದು, ಕಾಗದದಲ್ಲಿ ಸಿಕ್ಕಿದ್ದು ಮೂರನ್ನೂ ಬೇರೆ ಬೇರೆ ಗುರುತು ಮಾಡಿಸಿ. ಊಹೆ ಇದ್ದರೆ ಊಹೆ ಅಂತಲೇ ಬರೆಯಲಿ.

ಗೊತ್ತಿಲ್ಲದ ಸಂಗತಿಗಳೂ ಹೊರಬರುತ್ತವೆ. ಎರಡನೇ ಹೆಂಡತಿ, ದತ್ತಕ, ದೇವದಾಸಿಯಾಗಿ ಬಿಟ್ಟ ಮಗಳು, ಸಾಲಕ್ಕೆ ಹೋದ ಹೊಲ. ಆ ಹೆಣ್ಣುಮಕ್ಕಳ ಹೆಸರನ್ನು ಮರ್ಯಾದೆ ಹೋಗುತ್ತದೆ ಅಂತ ತೆಗೆಸಬೇಡಿ, ಅವರೂ ನಿಮ್ಮ ಮನೆಯವರೇ. ಆದರೆ ಈಗ ಬದುಕಿರುವವರ ವಿವರವನ್ನು ಅವರನ್ನು ಕೇಳದೆ ವಾಟ್ಸಾಪ್ ಗ್ರೂಪಿಗೆ ಹಾಕುವುದು ತಪ್ಪು. ಸಂಶೋಧಕರೂ ನಿಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡುವುದಿಲ್ಲ ಅಂತ ಕರಾರಿನಲ್ಲಿ ಒಂದು ಸಾಲು ಬರೆಸಿ.

ಮುಂದಿನ ಸುಗ್ಗಿಗೆ ನಿಮ್ಮ ಹೆಳವರು ಬಂದಾಗ ವರದಿಯ ಪ್ರತಿ ಮುಂದಿಟ್ಟುಕೊಂಡು ಕೂತು, ಅವರ ಹೊತ್ತಿಗೆಯಲ್ಲಿ ಇಲ್ಲದ ಹೆಸರುಗಳನ್ನು ಬರೆಸಿ. ಗಂಡುಮಕ್ಕಳದಷ್ಟೇ ಅಲ್ಲ, ಹೆಣ್ಣುಮಕ್ಕಳದೂ ಬರೆಸಿ, ಹುಟ್ಟಿದ ವರ್ಷ ಮತ್ತು ಕೊಟ್ಟ ಊರಿನ ಸಮೇತ.