ನುಂಗಿದರೆ ಎದೆಯಲ್ಲಿ ಚುಚ್ಚುತ್ತಿದೆಯೇ?

ಎದೆಯುರಿ ಬೇರೆ, ನುಂಗುವಾಗಿನ ನೋವು ಬೇರೆ. ಮುಂಬೈ ಮಳೆಗಾಲದಲ್ಲಿ ನೆರೆನೀರು ತುಳಿದು, ಇಲಿಜ್ವರ ತಡೆಗೆಂದು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ನುಂಗಿದ್ದರೆ ಮೊದಲು ಅದನ್ನೇ ಶಂಕಿಸಿ: ಮಾತ್ರೆ ಅನ್ನನಾಳಕ್ಕೆ ಅಂಟಿದರೆ ಹುಣ್ಣಾಗುತ್ತದೆ, ಅದು ಸೋಂಕಲ್ಲ. ತುಂಬಿದ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗಬೇಡಿ.

ಆಸ್ತಮಾದ ಸ್ಟೀರಾಯ್ಡ್ ಇನ್ಹೇಲರ್ ಬಳಸುವ ಗಟ್ಟಿಮುಟ್ಟಾದವರಲ್ಲೂ ಅನ್ನನಾಳದಲ್ಲಿ ಕ್ಯಾಂಡಿಡಾ ಶಿಲೀಂಧ್ರ ಬೆಳೆದು ಇದೇ ನೋವು ಬರಬಹುದು. ಬಾಯಲ್ಲಿ ಬಿಳಿ ಪದರ ಕಾಣಲೇಬೇಕೆಂದಿಲ್ಲ. ಸ್ಪೇಸರ್ (ಇನ್ಹೇಲರ್‌ಗೆ ಜೋಡಿಸುವ ಕೊಳವೆ) ಬಳಸಿ, ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಿ. ಇನ್ಹೇಲರನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಸಾಮಾನ್ಯವಾಗಿ ಶಿಲೀಂಧ್ರನಾಶಕ ಫ್ಲುಕೊನಜೋಲ್ ಕೊಡುವುದು 14ರಿಂದ 21 ದಿನ. ನೋವು ಹೋಯಿತೆಂದು ನಡುವೆ ಬಿಟ್ಟರೆ ಮರುಕಳಿಸಬಹುದು.

ಜ್ವರ, ತುಟಿಯ ಗುಳ್ಳೆ ಜೊತೆಗಿದ್ದರೆ ಹರ್ಪಿಸ್ ವೈರಸ್ ಸೋಂಕು ಇರಬಹುದು. ಎಂಡೋಸ್ಕೋಪಿಯಲ್ಲಿ (ಕ್ಯಾಮೆರಾ ಕೊಳವೆ ಇಳಿಸಿ ನೋಡುವಾಗ) ಹುಣ್ಣಿನ ಅಂಚಿನಿಂದಲೂ ತಳದಿಂದಲೂ ಪರೀಕ್ಷೆಗೆ ಚೂರು ತೆಗೆಯಬೇಕು: ಹರ್ಪಿಸ್ ಸಿಗುವುದು ಅಂಚಿನಲ್ಲಿ. ರೋಗನಿರೋಧಕ ಶಕ್ತಿ ಕುಗ್ಗಿದಾಗ ಇಂಥ ಸೋಂಕು ಹೆಚ್ಚು, ಹಾಗಾಗಿ ಎಚ್‌ಐವಿ, ಸಕ್ಕರೆ ಪರೀಕ್ಷೆಗೆ ಮುಜುಗರ ಬೇಡ. ನೀರೂ ಇಳಿಯದಿದ್ದರೆ, ರಕ್ತವಾಂತಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.